ಕೌದಿಗೆ ಲೆಕ್ಕ ಬರುವುದಿಲ್ಲ

ಅವ್ವಿ, ಮೊನ್ನೆ ನಿನ್ನ ಕುಬಸಕ್ಕೆ ಎಲ್ಲರೂ ಸೀರೆ, ಹಸಿರು ಬಳೆ, ಹೂವಿನ ದಂಡೆ ಹಿಡಿದು ಬಂದರು. ನಾನು ಬಿಪಿ ನೋಡುವ ಯಂತ್ರ ಹಿಡಿದು ಬಂದೆ. ನಿಮ್ಮ ಅತ್ತೆಯವರ ಕಡೆಯ ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಕ್ಕಿದ್ದನ್ನು ನೋಡಿದೆ. "ನರ್ಸಬಾಯಾರು ರಿಟೈರ್ ಆದರೂ ಚೀಲ ಬಿಟ್ಟಿಲ್ಲ ನೋಡ್ರಿ" ಅಂತ ಒಬ್ಬಾಕೆ ಅಂದದ್ದೂ ಕೇಳಿಸಿತು. ಮೂವತ್ತಾರು ವರ್ಷ ಹೆಗಲಿಗೆ ಜೋತುಬಿದ್ದ ಚೀಲ, ಅಷ್ಟು ಸುಲಭಕ್ಕೆ ಬಿಟ್ಟೀತೇ?

ಆರತಿ ಮುಗಿದ ಮೇಲೆ ನಿನ್ನನ್ನು ಒಳಕೋಣೆಗೆ ಕರೆದು, ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಹೋಳಿಗೆಯ ಕಣಕಕ್ಕೆ ಬೆರಳೂರಿದ ಹಾಗೆ ಕುಳಿ ಬಿತ್ತು. ನಾನು ಮನಸ್ಸಿನಲ್ಲೇ ಹತ್ತು ಎಣಿಸುವಷ್ಟರಲ್ಲಿ ತುಂಬಿಕೊಂಡಿತು. ಬಿಪಿ 126/82. ಬೆಳಗಿನಿಂದ ಕಾಲು ಇಳಿಬಿಟ್ಟು ಕೂತವಳಿಗೆ ಅಷ್ಟು ಬಾವು ಬಂದರೆ ಹೆದರಬೇಕಾಗಿಲ್ಲ. ಆದರೆ ಬೆಳಗ್ಗೆ ಎದ್ದಾಗ ಮುಖ ಊದಿದ್ದರೆ, ತಲೆ ಸಿಡಿಯುತ್ತಿದ್ದರೆ, ಕಣ್ಣಿಗೆ ಮಬ್ಬು ಬಂದರೆ, ಎದೆಗೂಡಿನ ಕೆಳಗೆ ನೋವು ಕಟ್ಟಿದರೆ, ಬಿಪಿ 140/90 ಮುಟ್ಟಿದರೆ, ಆ ದಿನವೇ ಆಸ್ಪತ್ರೆ. ನಾಳೆ ಅನ್ನಬೇಡ. ಅದಕ್ಕೆ ನಮ್ಮ ಕಡೆ ನಂಜು ಅನ್ನುತ್ತಾರೆ. ನಂಜು ಏರಿ ಫಿಟ್ಸ್ ಬಂದ ಬಸುರಿಯನ್ನು ದೆವ್ವ ಹಿಡಿದಿದೆ ಅಂತ ಕಟ್ಟೆಗೆ ಒಯ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಸ್ಪತ್ರೆಯಲ್ಲಿ ಅದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಎಂಬ ಸೂಜಿಮದ್ದು ಇದೆ. ಬಹಳ ಹಳೆಯ, ಬಹಳ ಅಗ್ಗದ ಮದ್ದು.

ಅಂದು ಮಂದಿ ತುಂಬಿದ್ದರು, ಉಳಿದದ್ದು ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅರ್ಧ ನಿನಗೆ. ನಡುವೆ ಅಳಿಯಂದಿರಿಗೆ ಒಂದಿಷ್ಟು, ನಿಮ್ಮ ಅತ್ತೆಯವರಿಗೆ ಒಂದಿಷ್ಟು ಇದೆ. ನೀನು ಓದಿ ಬಚ್ಚಿಡಬೇಡ, ಅವರ ಕೈಗೂ ಕೊಡು.

ಒಂದು ಕಥೆ ಹೇಳುತ್ತೇನೆ. ಹೆದರಿಸಲಿಕ್ಕಲ್ಲ. ಈ ಕಥೆ ಗೊತ್ತಿಲ್ಲದೆ ನಾನು ಮುಂದೆ ಹೇಳುವುದು ನಿನಗೆ ತಲೆಗೆ ಹತ್ತುವುದಿಲ್ಲ.

1991ರ ಮಳೆಗಾಲ. ಮಲಪ್ರಭೆ ದಂಡೆಯ ಒಂದು ಹಳ್ಳಿ. ಮೂರನೆಯ ಹೆರಿಗೆ, ಮನೆಯಲ್ಲೇ. ನನಗೆ ಹೇಳಿಕಳಿಸಿದ್ದೇ ಕೂಸು ಹುಟ್ಟಿದ ಮೇಲೆ, ಹೊಕ್ಕುಳು ಕತ್ತರಿಸಲಿಕ್ಕೆ. ನಾನು ಹೋದಾಗ ಗಂಡು ಹುಟ್ಟಿದ ಸಂಭ್ರಮದಲ್ಲಿ ಪಡಸಾಲೆಯಲ್ಲಿ ಸಕ್ಕರೆ ಹಂಚುತ್ತಿದ್ದರು. ಮಾಸು ಪೂರ್ತಿ ಬಿದ್ದಿತ್ತು. ಬಾಣಂತಿ ಮೂರು ಕೌದಿ ಹಾಸಿದ ಹಾಸಿಗೆಯ ಮೇಲೆ ಮಲಗಿದ್ದಳು. ಮುಖ ಸುಣ್ಣದ ಗೋಡೆಯ ಹಾಗೆ. "ತಲಿ ಗಿರ್ ಅನ್ನಾಕತ್ತೈತ್ರಿ ಅಕ್ಕಾರ" ಅಂದಳು. ಅತ್ತೆ, "ಹಡದಾಕಿಗೆ ಅಷ್ಟು ಇರೂದ" ಅಂದರು. ಮೇಲಿನ ಕೌದಿ ನೋಡಿದರೆ ಅಂಗೈಯಗಲದ ಕಲೆ, ಅಷ್ಟೇ. ಎತ್ತಿದೆ. ಎರಡನೆಯ ಕೌದಿ ತೊಯ್ದು ತೊಪ್ಪೆಯಾಗಿತ್ತು. ಮೂರನೆಯದನ್ನು ಎತ್ತಲು ಹೋದರೆ ಭಾರಕ್ಕೆ ಕೈಗೆ ಬರಲಿಲ್ಲ. ಕೆಳಗೆ ಸಗಣಿ ಸಾರಿಸಿದ ನೆಲವೂ ಕುಡಿದಿತ್ತು.

ಹೊಟ್ಟೆ ಮುಟ್ಟಿದರೆ ಗರ್ಭಕೋಶ ಗಟ್ಟಿಯಾಗಿರಲಿಲ್ಲ, ಹಿಟ್ಟಿನ ಮುದ್ದೆಯ ಹಾಗಿತ್ತು. ಕೂಸು ಹೊರಬಂದ ಮೇಲೆ ಅದು ತೆಂಗಿನಕಾಯಿಯ ಹಾಗೆ ಬಿಗಿಯಬೇಕು. ಬಿಗಿದರೆ ಮಾಸು ಅಂಟಿದ್ದ ಜಾಗದ ರಕ್ತನಾಳಗಳು ಹಿಂಡಿಕೊಂಡು ಮುಚ್ಚುತ್ತವೆ. ಬಿಗಿಯದಿದ್ದರೆ ಬಿಟ್ಟ ನಲ್ಲಿ. ತಿಕ್ಕಿದೆ, ಇದ್ದ ಒಂದು ಸೂಜಿ ಹಾಕಿದೆ, ಕಾಲು ಎತ್ತರಿಸಿದೆ. "ಈಗಿಂದೀಗ ದೊಡ್ಡ ಆಸ್ಪತ್ರೆಗೆ ಒಯ್ಯಿರಿ" ಅಂದೆ. ಗಂಡ ದೂರದ ಊರಿಗೆ ದುಡಿಯಲು ಹೋಗಿದ್ದ. "ಮಗ ಬರ್ಲಿ, ಅವನ ಕೇಳದ ಹೆಂಗ ಒಯ್ಯೋದ್ರಿ?" ಅಂದರು ಮಾವ. ಕರೆಯಲು ಒಬ್ಬ ಸೈಕಲ್ಲಿನಲ್ಲಿ ಹೋದ. ಮೈದುನ, ನಾಳೆ ಅಮವಾಸ್ಯೆ ಕಳೆಯಲಿ ಅಂದ. ಕೊನೆಗೆ ಚಕ್ಕಡಿ ಹೂಡುವ ಹೊತ್ತಿಗೆ ಮೂರು ತಾಸು ಕಳೆದಿತ್ತು. ಹಳ್ಳ ದಾಟುವಾಗ ಅವಳ ಕೈ ನನ್ನ ಕೈಯಲ್ಲಿತ್ತು. ದಾಟಿದ ಮೇಲೆ ಕೈ ಮಾತ್ರ ಇತ್ತು.

ರಿಜಿಸ್ಟರಿನಲ್ಲಿ 'ಅತಿ ರಕ್ತಸ್ರಾವದಿಂದ' ಅಂತ ಬರೆದೆ. ಆ ಕಾಲಮ್ಮಿಗೆ ಬೇರೆ ಉತ್ತರ ಬರೆಯಲು ಬರುವುದಿಲ್ಲ. ಬರುವುದಾಗಿದ್ದರೆ 'ಮೂರು ತಾಸಿನಿಂದ' ಅಂತ ಬರೆಯುತ್ತಿದ್ದೆ.

ಆಮೇಲೆ ಎಷ್ಟೋ ವರ್ಷಕ್ಕೆ ಒಂದು ತರಬೇತಿಯಲ್ಲಿ ತಿಳಿಯಿತು, ಇದನ್ನು ಓದಿದವರು ಬರೆದೇ ಇಟ್ಟಿದ್ದಾರೆ ಅಂತ. 1994ರಲ್ಲಿ ಸೆರೀನ್ ಥಡಿಯಸ್, ಡೆಬೊರಾ ಮೇನ್ ಎಂಬ ಇಬ್ಬರು ಹೆಣ್ಣುಮಕ್ಕಳು ಲೋಕದ ಬಡ ದೇಶಗಳ ಬಾಣಂತಿ ಸಾವುಗಳನ್ನು ಜಾಲಾಡಿ ಮೂರು ತಡ ಅಂತ ಹೆಸರಿಟ್ಟರು. ಹೋಗೋಣ ಅಂತ ನಿರ್ಧರಿಸುವುದರಲ್ಲಿ ಒಂದು ತಡ, ಹೋಗಿ ಮುಟ್ಟುವುದರಲ್ಲಿ ಒಂದು ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ಇನ್ನೊಂದು ತಡ. ನಾನು ಚಕ್ಕಡಿಯಲ್ಲಿ ಕಲಿತದ್ದನ್ನು ಅವರು ಕಾಗದದ ಮೇಲೆ ಇಟ್ಟಿದ್ದರು. ಅಂದಿನಿಂದ ನನಗೆ ಹೆರಿಗೆ ಅಂದರೆ ಗಡಿಯಾರ ನೋಡುವ ಕೆಲಸ.

ಎರಡನೆಯ ತಡಕ್ಕೆ ಸರ್ಕಾರ ಬಹಳ ಮಟ್ಟಿಗೆ ಮದ್ದು ಹುಡುಕಿತು, ಅದನ್ನು ಒಪ್ಪಬೇಕು. 2005ರಲ್ಲಿ ಆಶಾ ಕಾರ್ಯಕರ್ತೆಯರ ವ್ಯವಸ್ಥೆ ಬಂತು, ಆಸ್ಪತ್ರೆಯಲ್ಲಿ ಹೆತ್ತರೆ ಹಣ ಕೊಡುವ ಜನನಿ ಸುರಕ್ಷಾ ಬಂತು. 2008ರ ನವೆಂಬರ್ 1ಕ್ಕೆ ನಮ್ಮ ರಾಜ್ಯದಲ್ಲಿ 108 ಓಡತೊಡಗಿತು. ಮೊದಲ ಸಲ ಅದರ ಸೈರನ್ ನಮ್ಮ ಊರಿಗೆ ಬಂದಾಗ ಮಕ್ಕಳು ಜಾತ್ರೆಯ ಹಾಗೆ ಹಿಂದೆ ಓಡಿದ್ದವು. 2011ರ ಜೂನ್‌ನಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲವೂ ಬಿಟ್ಟಿ. 2004–06ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಲಕ್ಷ ಕೂಸು ಹುಟ್ಟಿದರೆ 213 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿದಿತ್ತು. ಹಾಗಂತ ಬೆನ್ನು ತಟ್ಟಿಕೊಂಡು ಕೂರುವ ಹಾಗಿಲ್ಲ. ಅದೇ ವರ್ಷಗಳಲ್ಲಿ ಪಕ್ಕದ ಕೇರಳದಲ್ಲಿ 19.

ಈಗ ಕೌದಿಯ ಮಾತಿಗೆ ಬರುತ್ತೇನೆ, ಯಾಕೆಂದರೆ ಅದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲೇ. 2002ರಿಂದ 2005ರ ತನಕ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ವೈದ್ಯರ ಜೊತೆಗೂಡಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಹೆರಿಗೆ ಮಾಡಿಸಿದವರು ನನ್ನಂಥ ಎಎನ್‌ಎಂಗಳೇ. ನನ್ನ ಉಪಕೇಂದ್ರ ಅದರಲ್ಲಿ ಇರಲಿಲ್ಲ. ಇದ್ದ ಗೆಳತಿಯ ಮೇಲೆ ನನಗೆ ಆಗ ಹೊಟ್ಟೆಕಿಚ್ಚೇ ಇತ್ತು ಅನ್ನು. ಕೂಸು ಹುಟ್ಟಿದ ಕೂಡಲೇ ತಾಯಿಗೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ, 600 ಮೈಕ್ರೊಗ್ರಾಂ, ಬಾಯಿಂದ. ಅದಕ್ಕೆ ಸೂಜಿ ಬೇಡ, ಫ್ರಿಜ್ ಬೇಡ. ಒಟ್ಟು 1,620 ಹೆಂಗಸರು, ಅರ್ಧ ಮಂದಿಗೆ ಮದ್ದು, ಅರ್ಧ ಮಂದಿಗೆ ಮದ್ದಿಲ್ಲದ ಮಾತ್ರೆ. ಮದ್ದಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಅತಿಸ್ರಾವ ಆದರೆ ಮದ್ದು ತಿಂದವರಲ್ಲಿ 6.4. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯನ್ನು ಈ ಕೆಲಸಕ್ಕೆಂದು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. (ಅಂಗಡಿಯಲ್ಲಿ ಸಿಕ್ಕಿತು ಅಂತ ನೀವು ತಂದಿಟ್ಟುಕೊಳ್ಳಬೇಡಿ. ಕೂಸು ಒಳಗಿರುವಾಗ ಅದನ್ನು ನುಂಗಿಸಿದರೆ ಗರ್ಭಕೋಶ ಹರಿದೀತು.)

ಮಾತ್ರೆಗಿಂತ ನನಗೆ ಹಿಡಿಸಿದ್ದು ಇನ್ನೊಂದು. ರಕ್ತ ಎಷ್ಟು ಹೋಯಿತು ಅಂತ ಅಳೆಯಲು ಆ ಅಧ್ಯಯನಕ್ಕೆಂದೇ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದ್ದರು. ಗೆಳತಿ ತಂದು ತೋರಿಸಿದಳು. ತಾಯಿಯ ಸೊಂಟದ ಕೆಳಗೆ ಹಾಸಿ ಕಟ್ಟುವಂಥದ್ದು. ತುದಿ ಕೊಳವೆಯ ಹಾಗೆ ಕೆಳಗೆ ಜೋತಾಡುತ್ತದೆ, ಅದರ ಮೇಲೆ ಹಾಲಿನ ಅಳತೆಯ ಪಾತ್ರೆಗಿರುವ ಹಾಗೆ ಗೆರೆಗಳು. ರಕ್ತ ನೇರ ಅದರೊಳಗೆ ಇಳಿಯುತ್ತದೆ, ಗೆರೆ ಓದಿದರೆ ಮುಗಿಯಿತು. ಕಣ್ಣಳತೆಯಲ್ಲಿ ಹೇಳಿದ್ದನ್ನೂ ಹಾಳೆ ಹೇಳಿದ್ದನ್ನೂ ಹೋಲಿಸಿದಾಗ, ಕಣ್ಣು ಮೂರನೇ ಒಂದು ಪಾಲು ಕಡಿಮೆ ಹೇಳುತ್ತದೆ ಅಂತ ಗೊತ್ತಾಯಿತು. ಅನುಭವಸ್ಥರ ಕಣ್ಣೂ ಅಷ್ಟೇ, ನನ್ನದೂ ಸೇರಿ. ಆ ಹಾಳೆಯನ್ನು ಮಡಿಲಲ್ಲಿ ಹಿಡಿದು ಕೂತು ನಾನು ಆ ಮೂರು ಕೌದಿಗಳನ್ನೇ ನೆನೆದೆ. ಕೌದಿ ಕುಡಿಯುತ್ತದೆ, ಲೆಕ್ಕ ಹೇಳುವುದಿಲ್ಲ.

ಗೆರೆಯಿರುವ ಇಂಥದೇ ಹಾಳೆಯನ್ನು ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಪರೀಕ್ಷಿಸಿದರು. ಗೆರೆ ನೋಡುತ್ತ ಕೂತು, ಮೀರಿದ ಕ್ಷಣ ಹೊಟ್ಟೆ ತಿಕ್ಕುವುದು, ಮದ್ದು, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಂದರ ಹಿಂದೊಂದು ಅಲ್ಲ, ಒಟ್ಟಿಗೇ ಮಾಡುವುದು. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ ನೂರಕ್ಕೆ 60ರಷ್ಟು ಕಡಿಮೆಯಾಯಿತು. ಹೊಸ ಮದ್ದೇನೂ ಇಲ್ಲ. ಇದ್ದದ್ದನ್ನೇ ಬೇಗ ಕಂಡರು, ಬೇಗ ಮಾಡಿದರು. ಆಸ್ಪತ್ರೆಯಲ್ಲಿ ಕೂಸು ಹುಟ್ಟಿದ ಒಂದು ನಿಮಿಷದೊಳಗೆ ನಿನ್ನ ತೊಡೆಗೆ ಒಂದು ಸೂಜಿ ಚುಚ್ಚುತ್ತಾರೆ, ಆಕ್ಸಿಟೋಸಿನ್. ಕೂಸಿನ ಮುಖ ನೋಡುವ ಸಡಗರದಲ್ಲಿ ನಿನಗದು ಗೊತ್ತೇ ಆಗಲಿಕ್ಕಿಲ್ಲ. ಅದಕ್ಕಾಗಿಯೇ ಆಸ್ಪತ್ರೆಗೆ ಹೋಗು ಅನ್ನುವುದು.

ಇನ್ನು ನಿನ್ನ ಪಾಲಿನದು. ತಾಯಿ ಕಾರ್ಡಿನಲ್ಲಿ ನೋಡಿದೆ, ಎಚ್‌ಬಿ 9.4. ಬಸುರಿಗೆ 11 ಇರಬೇಕು. ನಿನ್ನೊಬ್ಬಳ ತಪ್ಪಲ್ಲ, 2019–21ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಆದರೆ ಲೆಕ್ಕ ತಿಳಿದುಕೋ. ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೆ 12 ಇದ್ದವಳು ಎದ್ದು ಕೂತು ಚಹಾ ಕೇಳುತ್ತಾಳೆ. 7ಕ್ಕೆ ಇಳಿದವಳ ಎದೆ ಅಷ್ಟಕ್ಕೇ ಸೋಲುತ್ತದೆ. ಗಂಟಿನಲ್ಲಿ ದುಡ್ಡಿದ್ದವರು ಜೇಬುಗಳ್ಳನಿಗೆ ಅಂಜುವುದಿಲ್ಲವಲ್ಲ, ಹಾಗೆ.

ಡಾಕ್ಟರು ಕೆಂಪು ಮಾತ್ರೆ ದಿನಕ್ಕೆ ಎರಡು ಬರೆದಿದ್ದಾರೆ. ನಿನ್ನ ಕಪಾಟಿನಲ್ಲಿ ಎರಡು ತಿಂಗಳ ಪಟ್ಟಿ ಹರಿಯದೆ ಬಿದ್ದದ್ದನ್ನು ಸೀರೆ ಇಡುವ ನೆವದಲ್ಲಿ ನೋಡಿದೆ. ವಾಂತಿ ಬರುತ್ತದೆ ಅಂದಿ. ಹಸಿದ ಹೊಟ್ಟೆಯಲ್ಲಿ ಬೇಡ, ರಾತ್ರಿ ಉಂಡು ಮಲಗುವ ಮೊದಲು ನುಂಗು. ಚಹಾ, ಹಾಲು, ಸುಣ್ಣದ ಮಾತ್ರೆ ಇವುಗಳ ಜೊತೆ ಬೇಡ, ಅವು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆ ಹಿಂಡಿದ ನೀರಿನ ಜೊತೆ ತಗೋ. ಮಲ ಕಪ್ಪಗೆ ಆದರೆ ಗಾಬರಿಯಾಗಬೇಡ, ಅದು ಕಬ್ಬಿಣದ ಬಣ್ಣ. ಮಾತ್ರೆ ತಿಂದರೆ ಕೂಸು ಕರ್ರಗೆ ಹುಟ್ಟುತ್ತದೆ ಅಂತ ನಿನಗೆ ಹೇಳಿದವರು ಯಾರು ಅಂತಲೂ ನನಗೆ ಗೊತ್ತು. ಅವರ ಹೆಸರು ಬರೆಯುವುದಿಲ್ಲ, ಅವರೂ ಇದನ್ನು ಓದುವವರಿದ್ದಾರೆ. ಅಂಗನವಾಡಿಯ ಮಾತೃಪೂರ್ಣ ಊಟಕ್ಕೆ ಹೋಗಲು ನಾಚಿಕೆ ಅಂದಿಯಂತೆ. ಮೊಟ್ಟೆಗೆ ನಾಚಿಕೆ ಏನು? ಮಾತ್ರೆಯಿಂದ ಏರದಿದ್ದರೆ ಡಾಕ್ಟರು ಕಬ್ಬಿಣಾಂಶವನ್ನು ಡ್ರಿಪ್ಪಿನಲ್ಲಿ ಏರಿಸುತ್ತಾರೆ. ಅದಕ್ಕೂ ಸಮಯ ಬೇಕು, ಹೆರಿಗೆಯ ಹಿಂದಿನ ದಿನ ಓಡಿದರೆ ಆಗುವುದಿಲ್ಲ.

ತಾಯಿ ಕಾರ್ಡಿನ ಬಗ್ಗೆ ಒಂದು ಮಾತು, ಇದನ್ನು ದೊಡ್ಡ ಡಾಕ್ಟರುಗಳು ಹೇಳುವುದು ಕಡಿಮೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಏಳು ತಿಂಗಳ ತನಕ ಗಂಡನ ಊರಿನ ಸಿಸ್ಟರ್ ನೋಡಿರುತ್ತಾಳೆ, ಆಮೇಲೆ ತವರಿನ ಸಿಸ್ಟರ್. ನಡುವೆ ಹುಡುಗಿ ಎರಡೂ ಕಡೆ ಇಲ್ಲದವಳಾಗುತ್ತಾಳೆ. ನನ್ನ ಸೇವೆಯಲ್ಲಿ ಎಷ್ಟು ಸಲ ಆಗಿದೆ: ಟ್ರಂಕು ಬಂತು, ಉಪ್ಪಿನಕಾಯಿ ಭರಣಿ ಬಂತು, ಕಾರ್ಡು ಮಾತ್ರ ಅತ್ತೆಮನೆಯ ದೇವರ ಗೂಡಿನಲ್ಲಿ ಉಳಿಯಿತು. ನಡುರಾತ್ರಿ ಬ್ಯಾನಿ ಎದ್ದಾಗ ರಕ್ತದ ಗುಂಪು ಯಾವುದು, ಬಿಪಿ ಹಿಂದೆ ಎಷ್ಟಿತ್ತು, ಯಾರಿಗೂ ಗೊತ್ತಿಲ್ಲ. ಕಾರ್ಡನ್ನು ನಿನ್ನ ಪರ್ಸಿನಲ್ಲಿಡು. ಎಲ್ಲ ಪುಟದ ಫೋಟೊ ತೆಗೆದು ಅಳಿಯಂದಿರಿಗೂ ನಿನ್ನ ಅವ್ವನಿಗೂ ಕಳಿಸು. ತವರಿಗೆ ಬಂದ ಮರುದಿನವೇ ಇಲ್ಲಿಯ ಆಶಾ ಕಾರ್ಯಕರ್ತೆಗೆ ಹೆಸರು ಬರೆಸು.

ಅಳಿಯಂದಿರೇ, ಈಗ ನಿಮಗೆ. ದೊಡ್ಡತ್ತೆ ಬಾಯಿ ಜಾಸ್ತಿ ಅಂತ ಬೇಸರ ಮಾಡಿಕೊಳ್ಳಬೇಡಿ. ನೀವು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿರುತ್ತೀರಿ, ಅವಳು ಇಲ್ಲಿರುತ್ತಾಳೆ. ಹಾಗಾಗಿ ನನ್ನ ಮೊದಲನೆಯ ವಿನಂತಿ ವಿಚಿತ್ರವಾಗಿ ಕಾಣಬಹುದು: ನಿಮ್ಮನ್ನು ಕೇಳದೆ ನಿಮ್ಮ ಹೆಂಡತಿಯನ್ನು ಆಸ್ಪತ್ರೆಗೆ ಒಯ್ಯುವ ಅಧಿಕಾರವನ್ನು ಒಬ್ಬರಿಗೆ ಕೊಡಿ. ಈಗಲೇ, ನಾಲ್ಕು ಮಂದಿಯ ಎದುರು, ಬಾಯಿಬಿಟ್ಟು ಹೇಳಿ. ನಿಮ್ಮ ಫೋನ್ ಹತ್ತದಿದ್ದರೂ, ಮೀಟಿಂಗಿನಲ್ಲಿದ್ದರೂ, ಅವರು ಗಾಡಿ ಹತ್ತಿಸಬೇಕು. ಸಿಸೇರಿಯನ್ ಬೇಕು ಅಂದರೆ ಸಹಿ ಹಾಕಲು ಅವಳೇ ಸಾಕು, ಅವಳು ಮೇಜರ್. ಆದರೂ ಹೆರಿಗೆ ಕೋಣೆಯ ಬಾಗಿಲಲ್ಲಿ ಹಿರಿಯರು ಕೂತು ಚರ್ಚೆ ಮಾಡುವುದನ್ನು ನಾನು ಎಷ್ಟು ನೋಡಿಲ್ಲ. ಹೆರಿಗೆಯ ನಂತರದ ಅತಿಸ್ರಾವ ಎರಡು ತಾಸಿನಲ್ಲಿ ಜೀವ ತೆಗೆಯಬಲ್ಲದು. ನಿಮ್ಮ ಹುಬ್ಬಳ್ಳಿ ಬಸ್ಸು ನಮ್ಮ ಊರು ಮುಟ್ಟಲು ಅದಕ್ಕಿಂತ ಹೆಚ್ಚು ಬೇಕು.

ಎರಡನೆಯದು, ಆಸ್ಪತ್ರೆ ಆರಿಸುವಾಗ ಕಟ್ಟಡದ ಗಾಜು ನೋಡಬೇಡಿ. ಹೋಗಿ ಎರಡು ಪ್ರಶ್ನೆ ಕೇಳಿ. ರಾತ್ರಿ ಎರಡು ಗಂಟೆಗೆ ಅರಿವಳಿಕೆ ಕೊಡುವ ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ? ಅವಳ ಗುಂಪಿನ ರಕ್ತ ಎಲ್ಲಿಂದ, ಎಷ್ಟು ಹೊತ್ತಿಗೆ? ತಡವರಿಸಿದರೆ ಅದು ಹಗಲಿನ ಆಸ್ಪತ್ರೆ. ಕೂಸುಗಳು ಹೊತ್ತು ನೋಡಿ ಬರುವುದಿಲ್ಲ. ಅವಳ ಗುಂಪಿಗೆ ಹೊಂದುವ ಇಬ್ಬರು ಗೆಳೆಯರನ್ನು ಮೊದಲೇ ಕೇಳಿಟ್ಟಿರಿ. 108 ಹೊರತಾಗಿ ಊರೊಳಗೆ ಒಂದು ಕಾರಿನವನ ನಂಬರು, ಅವನು ಕುಡಿಯದವನಾಗಿರಬೇಕು. ಮಳೆ ಬಂದರೆ ಹಳ್ಳ ಏರುವ ದಾರಿಗೆ ಬದಲಿ ದಾರಿ ಯಾವುದು ಅಂತ ಒಂದು ಸಲ ಗಾಡಿಯಲ್ಲಿ ಹೋಗಿ ನೋಡಿ ಬನ್ನಿ. ಮುಹೂರ್ತ ನೋಡಿ ಸಿಸೇರಿಯನ್ ಮಾಡಿಸುವ ಹೊಸ ಚಾಳಿಯೊಂದು ಬಂದಿದೆ. ಜಾತಕ ಚೆನ್ನಾಗಿರಲಿ ಅಂತ ಬಲಿಯದ ಕೂಸನ್ನು ಹೊರಗೆಳೆದು ಉಸಿರಿಗೆ ಒದ್ದಾಡಿಸುವುದು ಯಾವ ಶಾಸ್ತ್ರವೋ ನನಗೆ ತಿಳಿಯದು.

ಬೀಗತಿಯವರೇ, ನಿಮ್ಮ ಮಾತೇ ಆ ಮನೆಯಲ್ಲಿ ನಡೆಯುವುದು, ಅದಕ್ಕೇ ಕೈಮುಗಿದು ಹೇಳುತ್ತೇನೆ. ನಮ್ಮ ಕಾಲದ ಬಾಣಂತನದಲ್ಲಿ ಒಳ್ಳೆಯದೂ ಇತ್ತು. ಅಳವಿ ಪಾಯಸ, ಅಂಟಿನ ಉಂಡಿ, ನಲವತ್ತು ದಿನ ನೆಲಕ್ಕೆ ಕಾಲಿಡಗೊಡದ ಆರೈಕೆ, ಅದನ್ನು ಯಾರು ಬೇಡ ಅಂದಾರು? ಸೂಲಗಿತ್ತಿಯರನ್ನೂ ನಾನು ಹಳಿಯುವವಳಲ್ಲ. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವು ಸಿಸ್ಟರುಗಳೆಲ್ಲ ನಮ್ಮವರಿಗೇ ಬಂತು ಅಂತ ಪೇಢೆ ಹಂಚಿದ್ದೆವು. ನನ್ನ ಊರಿನ ಸೂಲಗಿತ್ತಿ ಅಜ್ಜಿ ನನಗೆ ಕಲಿಸಿದ ದೊಡ್ಡ ಪಾಠ, ತನ್ನ ಕೈ ಮೀರಿದ್ದನ್ನು ಮೊದಲೇ ಗುರುತಿಸುವುದು. ಅಡ್ಡ ಕೂಸು ಅಂತ ಹೊಟ್ಟೆ ಮುಟ್ಟಿ ಹೇಳಿ, "ಇದು ನಂದಲ್ಲವ್ವ, ದವಾಖಾನಿದು" ಅಂತ ಎದ್ದುಬಿಡುತ್ತಿದ್ದಳು.

ಆದರೆ ಕೆಲವನ್ನು ಬಿಡಬೇಕು. ಬಾಣಂತಿಗೆ ನೀರು ಕೊಡದೆ ಬಾಯಿ ಒಣಗಿಸುವುದು, ಕಾಯಿಪಲ್ಯೆ ನಿಲ್ಲಿಸಿ ಬರೀ ಬಿಳಿ ಅನ್ನ ಬಡಿಸುವುದು ಬೇಡ. ಹಾಲೂಡಿಸುವವಳಿಗೆ ನೀರೇ ಬೇಕು. ಆಕಳು ಈದರೆ ಗಿಣ್ಣ ಮಾಡಿ ಬೆಲ್ಲ ಹಾಕಿ ಓಣಿಗೆಲ್ಲ ಹಂಚುತ್ತೇವೆ, ನಮ್ಮ ಸೊಸೆಯ ಎದೆಯ ಮೊದಲ ಹಳದಿ ಹಾಲನ್ನು ಮಾತ್ರ ಕೆಟ್ಟದ್ದು ಅಂತ ಹಿಂಡಿ ಚೆಲ್ಲುತ್ತೇವೆ. ಹುಟ್ಟಿದ ಒಂದು ತಾಸಿನೊಳಗೆ ಅದೇ ಹಾಲು ಕೂಸಿಗೆ ಹೋಗಲಿ. ಜೇನು, ಸಕ್ಕರೆ ನೀರು, ಕತ್ತೆ ಹಾಲು ಯಾವುದೂ ಬೇಡ. ಒಂದು ದಿನವಾದರೂ ಸ್ನಾನ ಬೇಡ, ಒರೆಸಿ ಬೆಚ್ಚಗೆ ಸುತ್ತಿದರೆ ಸಾಕು. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಏನನ್ನೂ ಹಚ್ಚಬೇಡಿ, ಒಣಗಿ ತಾನೇ ಉದುರುತ್ತದೆ. ಹೊಕ್ಕುಳಿಗೆ ಸಗಣಿ ಹಚ್ಚಿ ಧನುರ್ವಾಯುವಿನಲ್ಲಿ ಬಿಲ್ಲಿನಂತೆ ಬಾಗಿ ಸತ್ತ ಕೂಸುಗಳನ್ನು ನೀವೂ ಚಿಕ್ಕಂದಿನಲ್ಲಿ ನೋಡಿರಬೇಕು. ಬಸುರಿಯರಿಗೆ ಟಿಟಿ ಸೂಜಿ ಹಾಕಿ ಹಾಕಿ, 2015ಕ್ಕೆ ಆ ಸಾವು ಈ ದೇಶದಲ್ಲಿ ಇಲ್ಲವೆನ್ನುವಷ್ಟಾಯಿತು.

ಕೂಸು ಎರಡು ಕಿಲೋಗಿಂತ ಸಣ್ಣದಾಗಿದ್ದರೆ ಎದೆಗುಂದಬೇಡಿ. ಬಟ್ಟೆಯಿಲ್ಲದ ಕೂಸನ್ನು ತಾಯಿಯ ಬರಿಯ ಎದೆಗೆ ಕಪ್ಪೆಯ ಹಾಗೆ ಅಂಟಿಸಿ, ಮೇಲೆ ಸೀರೆ ಸುತ್ತಿ ತಾಸುಗಟ್ಟಲೆ ಇಡುವ ಪದ್ಧತಿಯಿದೆ, ಕಾಂಗರೂ ಆರೈಕೆ. 1978ರಲ್ಲಿ ದೂರದ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದದ್ದು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್‌ನ ಸಂಶೋಧಕರು ಮತ್ತು ಸರ್ಕಾರಿ ಆಸ್ಪತ್ರೆಯವರು ಸೇರಿ ಜಿಲ್ಲೆಗೆ ಜಿಲ್ಲೆಯೇ ಇದನ್ನು ಮಾಡುವ ಹಾಗೆ ಮಾಡಿ ತೋರಿಸಿದರು. ತಾಯಿ ದಣಿದರೆ ಅಜ್ಜಿಯ ಎದೆಯೂ ಆದೀತು, ಅಪ್ಪನದೂ ಆದೀತು. ಅಳಿಯಂದಿರು ನಾಚಿಕೊಳ್ಳದಿದ್ದರೆ ಸರಿ.

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬಂದು ನೋಡುತ್ತಾಳೆ. "ಬಾಣಂತಿ ಕೋಣಿಗೆ ಹೊರಗಿನವರು ಬ್ಯಾಡ" ಅಂತ ಅವಳನ್ನು ಕಟ್ಟೆಯ ಮೇಲೆ ಕೂರಿಸಬೇಡಿ. ಜ್ವರ, ದುರ್ನಾತದ ಸ್ರಾವ, ತಾಸಿಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಒಂದೇ ಕಾಲಿಗೆ ಬಾವು, ಕಾರಣವಿಲ್ಲದೆ ಕೂತು ಅಳುವುದು, ಕೂಸನ್ನು ಮುಟ್ಟಲೊಲ್ಲೆ ಅನ್ನುವುದು, ಇವು ದೃಷ್ಟಿಯಾದದ್ದಲ್ಲ. ನಿವಾಳಿಸಿ, ಬೇಡ ಅನ್ನುವುದಿಲ್ಲ. ನಿವಾಳಿಸಿದ ಕೈಯಲ್ಲೇ ಫೋನ್ ಮಾಡಿ.

ಆಸ್ಪತ್ರೆಯನ್ನೇ ಹೊಗಳಿದೆ ಅಂತ ಅದು ದೇವಸ್ಥಾನ ಅಂದುಕೊಳ್ಳಬೇಡ, ಅವ್ವಿ. ಮೂರನೆಯ ತಡ ಅದರ ಗೋಡೆಯೊಳಗೇ ಇದೆ. ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ ಕೈಚಾಚುವ ಆಯಾಗಳನ್ನು ನಾನೇ ಬೈದಿದ್ದೇನೆ. ಬೈದದ್ದಕ್ಕೆ ನನಗೇ ವರ್ಗಾವಣೆಯಾಯಿತು. ಕೇಳಿದರೆ ಕೊಡಬೇಡ, 104ಕ್ಕೆ ಫೋನ್ ಮಾಡು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು, ರಕ್ತನಾಳಕ್ಕೆ ಏರಿಸಿದ ದ್ರಾವಣದ ಮೇಲೇ ಅನುಮಾನ ಬಿತ್ತು. ಆ ಹೆಣ್ಣುಮಕ್ಕಳು ನಾವು ಹೇಳಿದ್ದನ್ನೆಲ್ಲ ಮಾಡಿದ್ದರು, ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಬಂದಿದ್ದರು. ಆ ವಾರ ನನಗೆ ಊಟ ಸೇರಲಿಲ್ಲ. ಮನೆಯಲ್ಲೇ ಹೆರಬಹುದಿತ್ತು ಅನ್ನುವವರಿಗೆ ನಾನು ಆ ಕೌದಿಗಳನ್ನು ನೆನಪಿಸುತ್ತೇನೆ. ಆದರೆ ಆಸ್ಪತ್ರೆಗೆ ಬನ್ನಿ ಅಂತ ಮನೆಮನೆಗೆ ಹೋಗಿ ಕರೆದವರು ನಾವು. ಒಳಗೆ ಏರಿಸುವ ಬಾಟಲಿಗೂ ಜವಾಬು ಹೇಳಬೇಕಾದವರು ನಾವೇ.

ಒಳ್ಳೆಯ ನರ್ಸೂ ಮರೆಯುತ್ತಾಳೆ, ಅದು ಕೆಟ್ಟತನವಲ್ಲ, ದಣಿವು. ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಗೆ ಅಂತ ಒಂದು ಪಟ್ಟಿ ಮಾಡಿ ನಮ್ಮ ರಾಜ್ಯದ ಒಂದು ಆಸ್ಪತ್ರೆಯಲ್ಲಿ ಪ್ರಯೋಗಿಸಿ ನೋಡಿತು. ಕೈ ತೊಳೆಯುವುದು, ಬಿಪಿ ನೋಡುವುದು, ಕೂಸನ್ನು ಬೆಚ್ಚಗಿಡುವುದು, ಇಂಥ 29 ಕೆಲಸಗಳಲ್ಲಿ ಮೊದಲು ಪ್ರತಿ ಹೆರಿಗೆಗೆ ಸರಾಸರಿ 10 ಮಾತ್ರ ಆಗುತ್ತಿದ್ದವು. ಪಟ್ಟಿ ಹಿಡಿದ ಮೇಲೆ 25. ಅದಕ್ಕೇ ಹೆರಿಗೆ ಕೋಣೆಗೆ ನಿನ್ನ ಜೊತೆ ಒಬ್ಬ ಹೆಂಗಸು ಇರಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಅದಕ್ಕೆ ಅವಕಾಶವಿದೆ. ಅವಳು ಸುಮ್ಮನೆ ಬೆನ್ನು ನೀವುತ್ತ ಕೂತಿರಲಿ, ರಕ್ತ ಜಾಸ್ತಿ ಅನ್ನಿಸಿದರೆ "ಸಿಸ್ಟರ್, ಒಂದು ಸಲ ನೋಡ್ರಿ" ಅನ್ನಲಿ. ಬೈದರೆ ಬೈಸಿಕೊಳ್ಳಲಿ. ಎರಡು ದಿನ ಪೂರ್ತಿ ಆಗುವ ತನಕ ಮನೆಗೆ ಅವಸರ ಮಾಡಬೇಡಿ.

ಆ ಹೆಂಗಸು ನಾನೇ ಆಗುತ್ತೇನೆ, ನಿನ್ನ ಅವ್ವನಿಗೆ ಹೇಳಿ ಒಪ್ಪಿಸಿದ್ದೇನೆ. ಅವಳು ರಕ್ತ ಕಂಡರೆ ತಾನೇ ಮೂರ್ಛೆ ಹೋಗುತ್ತಾಳೆ, ನಿನ್ನನ್ನು ಹೆತ್ತಾಗಲೂ ಹಾಗೇ.

ತಿಂಗಳ 9ನೇ ತಾರೀಖಿಗೆ ತಜ್ಞ ಡಾಕ್ಟರು ಎಲ್ಲ ಬಸುರಿಯರನ್ನು ಬಿಟ್ಟಿ ನೋಡುತ್ತಾರೆ, ಅದು ಬರುವ ಮಂಗಳವಾರ. ಎಚ್‌ಬಿ ಮತ್ತೆ ನೋಡಿಸೋಣ. ಮುಂಜಾನೆ ಎಂಟಕ್ಕೆ ಬೈಲಹೊಂಗಲ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ತಿಂಡಿ ತಿಂದು ಬಾ, ತಾಯಿ ಕಾರ್ಡ್ ತಾ, ಖಾಲಿಯಾದ ಮಾತ್ರೆ ಪಟ್ಟಿಗಳನ್ನೂ ತಾ. ಎಣಿಸುತ್ತೇನೆ.